ಬಿಲ್ಲು ಬರೆದ ದಿನವೇ ಆದಾಯದ ದಿನವೇ? – ಬದಲಾಗುತ್ತಿರುವ ಲೆಕ್ಕಪತ್ರ ಮಾನದಂಡಗಳು ಮತ್ತು ನಮ್ಮ ಭಾಗದ ಕಂಪನಿಗಳು

ಕಂಪನಿಯ ಈ ವರ್ಷದ ವಹಿವಾಟು ಎಷ್ಟು ಎಂದು ಕೇಳಿದರೆ ಬಿಲ್ಲುಗಳ ಮೊತ್ತವನ್ನು ಕೂಡಿ ಹೇಳುವುದು ನಮ್ಮಲ್ಲಿ ಬೆಳೆದು ಬಂದ ವಾಡಿಕೆ. ಶಿಡ್ಲಘಟ್ಟ, ಮೇಲೂರು ಸುತ್ತಲಿನ ರೇಷ್ಮೆ ವ್ಯವಹಾರದಲ್ಲಾಗಲಿ, ಗೌರಿಬಿದನೂರಿನ ಕೈಗಾರಿಕಾ ಘಟಕಗಳಲ್ಲಾಗಲಿ ಇದಕ್ಕೆ ಹೆಚ್ಚಿನ ವ್ಯತ್ಯಾಸವಿಲ್ಲ. ಮಾರ್ಚ್ ಕೊನೆಯ ವಾರದಲ್ಲಂತೂ ಲಾರಿಗಳಿಗಿಂತ ಬಿಲ್ಲುಗಳೇ ವೇಗವಾಗಿ ಓಡುತ್ತವೆ. ಈ ವಾಡಿಕೆಯನ್ನು ಹೊಸ ಮಾನದಂಡಗಳು ಒಪ್ಪುವುದಿಲ್ಲ. ಒಪ್ಪದಿದ್ದಾಗ ಕಂಪನಿಗಳು ಮಾಡಿಕೊಳ್ಳಬೇಕಾದ ಸಿದ್ಧತೆಯೇನು ಎಂಬುದನ್ನು ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಭಾರತದ ಲೆಕ್ಕಪರಿಶೋಧಕರ ಸಂಸ್ಥೆಯು 1985ರಲ್ಲಿ ಹೊರಡಿಸಿದ 9ನೇ ಲೆಕ್ಕಪತ್ರ ಮಾನದಂಡ, ಅಂದರೆ ಎಎಸ್ 9, ಸರಕಿನ ಮಾಲೀಕತ್ವಕ್ಕೆ ಅಂಟಿಕೊಂಡ ಪ್ರಮುಖ ನಷ್ಟಭಯ ಹಾಗೂ ಲಾಭಗಳು ಕೊಳ್ಳುವವನಿಗೆ ವರ್ಗವಾದಾಗ ಆದಾಯವನ್ನು ಗುರುತಿಸಬೇಕೆಂದು ಹೇಳುತ್ತದೆ. 2014ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಮಂಡಳಿಯು ಐಎಫ್‌ಆರ್‌ಎಸ್ 15 ಅನ್ನು ಪ್ರಕಟಿಸಿತು. ಅದನ್ನು ಆಧರಿಸಿದ ಇಂಡ್ ಎಎಸ್ 115 ಅನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯವು 2018ರ ಮಾರ್ಚ್ 28ರಂದು ಅಧಿಸೂಚಿಸಿ, ನಾಲ್ಕೇ ದಿನಗಳಲ್ಲಿ, ಏಪ್ರಿಲ್ 1ರಿಂದ ಜಾರಿಗೆ ತಂದಿತು. ಇಲ್ಲಿ ಮುಖ್ಯ ಪ್ರಶ್ನೆ ನಷ್ಟಭಯದ್ದಲ್ಲ, ಸರಕಿನ ಅಥವಾ ಸೇವೆಯ ಮೇಲಿನ ನಿಯಂತ್ರಣ ಗ್ರಾಹಕನಿಗೆ ಯಾವಾಗ ಹೋಯಿತು ಎಂಬುದು. ಕರಾರನ್ನು ಗುರುತಿಸುವುದು, ಅದರೊಳಗಿನ ಪ್ರತ್ಯೇಕ ಹೊಣೆಗಳನ್ನು ಬಿಡಿಸುವುದು, ಬೆಲೆಯನ್ನು ನಿರ್ಧರಿಸುವುದು, ಅದನ್ನು ಹೊಣೆಗಳಿಗೆ ಹಂಚುವುದು, ಹೊಣೆ ತೀರಿದಂತೆ ಆದಾಯ ಬರೆಯುವುದು – ಹೀಗೆ ಐದು ಹೆಜ್ಜೆಗಳು.

ಇದರ ಪರಿಣಾಮ ಎಲ್ಲರಿಗೂ ಒಂದೇ ತೆರನಾಗಿರಲಿಲ್ಲ. ಇನ್ಫೋಸಿಸ್ ಸಂಸ್ಥೆಯ ಲೆಕ್ಕಪತ್ರಗಳಲ್ಲಿ ಇದರಿಂದಾದ ವ್ಯತ್ಯಾಸ ಗಣನೀಯವಾಗಿರಲಿಲ್ಲ. ಆದರೆ ಬೆಂಗಳೂರಿನ ಶೋಭಾ, ಪ್ರೆಸ್ಟೀಜ್ ಮುಂತಾದ ವಸತಿ ನಿರ್ಮಾಣ ಕಂಪನಿಗಳು ಕಾಮಗಾರಿಯ ಪ್ರಗತಿಗೆ ತಕ್ಕಂತೆ ಹಿಂದೆ ತೋರಿಸಿದ್ದ ಲಾಭದ ಒಂದು ಭಾಗವನ್ನು ಮೀಸಲು ನಿಧಿಯಿಂದ ಹಿಂತೆಗೆಯಬೇಕಾಯಿತು. ಕಟ್ಟಿದ ಮನೆಯೂ ಅದೇ, ಬಂದ ಹಣವೂ ಅದೇ. ಬದಲಾದದ್ದು ಲಾಭ ಕಾಣಿಸಿಕೊಳ್ಳುವ ವರ್ಷ ಮಾತ್ರ.

ಇದು ದೊಡ್ಡವರ ವಿಷಯ, ನಮಗೇಕೆ ಎಂಬ ಮಾತು ಕೇಳಿಬರುವುದುಂಟು. ನಮ್ಮ ನೂಲು ಬಿಚ್ಚಾಣಿಕೆದಾರರಲ್ಲಿ ಬಹುಪಾಲು ಏಕಮಾಲೀಕರು ಎಂಬುದೂ ನಿಜ. ಕಂಪನಿಗಳ ಪೈಕಿ ಇಂಡ್ ಎಎಸ್ ಕಡ್ಡಾಯವಾಗಿರುವುದು ಮುಖ್ಯ ಷೇರುಪೇಟೆಯಲ್ಲಿ ನೋಂದಾಯಿತವಾದವಕ್ಕೆ, ನೋಂದಣಿಯ ಪ್ರಕ್ರಿಯೆಯಲ್ಲಿರುವವಕ್ಕೆ ಹಾಗೂ 250 ಕೋಟಿ ರೂ. ಅಥವಾ ಅದಕ್ಕೂ ಹೆಚ್ಚಿನ ನಿವ್ವಳ ಮೌಲ್ಯವುಳ್ಳವಕ್ಕೆ. ಆದರೆ ಇಂತಹ ಕಂಪನಿಯ ಅಧೀನ ಅಥವಾ ಸಹವರ್ತಿ ಕಂಪನಿಯಾದರೆ, ಅದು ಎಷ್ಟೇ ಚಿಕ್ಕದಿರಲಿ, ಅದಕ್ಕೂ ಈ ನಿಯಮವೇ ಅನ್ವಯ. ದೊಡ್ಡ ಸಂಸ್ಥೆಯೊಂದು ಇಲ್ಲಿನ ಘಟಕದಲ್ಲಿ ಷೇರು ಹಿಡಿದ ದಿನವೇ ಪ್ರಶ್ನೆ ನಮ್ಮ ಬಾಗಿಲಿಗೆ ಬರುತ್ತದೆ.

ಕಾಲಗಣನೆಯಲ್ಲಿಯೂ ಒಂದು ತೊಡಕಿದೆ. 2026ರ ಮಾರ್ಚ್ 31ರಂದು ಕಂಪನಿಯೊಂದರ ನಿವ್ವಳ ಮೌಲ್ಯ ಮೊದಲ ಬಾರಿಗೆ 250 ಕೋಟಿ ರೂ. ಮುಟ್ಟಿತೆನ್ನೋಣ. 2026-27ರಿಂದ ಅದು ಇಂಡ್ ಎಎಸ್ ಅನುಸರಿಸಬೇಕು. ಹೋಲಿಕೆಗಾಗಿ 2025-26ರ ಅಂಕಿಗಳನ್ನೂ ಅದೇ ಪದ್ಧತಿಯಲ್ಲಿ ಕೊಡಬೇಕು. ಎಂದರೆ ಪರಿವರ್ತನೆಯ ದಿನಾಂಕ 2025ರ ಏಪ್ರಿಲ್ 1. ನಿಯಮ ಅನ್ವಯಿಸುತ್ತದೆಂದು ತಿಳಿಯುವ ಹೊತ್ತಿಗೆ ದಾಖಲೆ ಇಡಬೇಕಿದ್ದ ಒಂದು ವರ್ಷ ಕಳೆದುಹೋಗಿರುತ್ತದೆ! ಆದುದರಿಂದಲೇ ಸಿದ್ಧತೆ ಎಂಬುದು ಮುಂಚಿತವಾಗಿ ಆಗಬೇಕಾದ ಕೆಲಸ. ಚಿಕ್ಕ ಉದ್ಯಮಗಳಿಗಾಗಿರುವ ಅಂತರರಾಷ್ಟ್ರೀಯ ಮಾನದಂಡವೂ 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಇದೇ ಐದು ಹೆಜ್ಜೆಗಳ ಮಾದರಿಯನ್ನು ತೆಗೆದುಕೊಂಡಿರುವುದು ಗಮನಾರ್ಹ.

ಈಗ ನಮ್ಮದೇ ಸರಕಿನ ಉದಾಹರಣೆ ನೋಡೋಣ. ಕಚ್ಚಾ ರೇಷ್ಮೆ ಗಾಳಿಯ ತೇವವನ್ನು ಹೀರುವ ವಸ್ತು. ಆದ್ದರಿಂದ ಒಣತೂಕದ ಮೇಲೆ ಶೇ. 11ರಷ್ಟು ತೇವಾಂಶ ಸೇರಿಸಿ ಬರುವ ತೂಕವೇ ವ್ಯಾಪಾರದ ಪ್ರಮಾಣಿತ ತೂಕ. ಕಂಪನಿಯೊಂದು ಮಾರ್ಚ್ 28ರಂದು ಕೆ.ಜಿ.ಗೆ 4,000 ರೂ.ಗಳಂತೆ 500 ಕೆ.ಜಿ.ಗೆ 20,00,000 ರೂ. ಬಿಲ್ಲು ಮಾಡಿ ಕಾಂಚೀಪುರಕ್ಕೆ ನೂಲು ಕಳುಹಿಸಿತೆನ್ನಿ. ಬೆಲೆ ಪ್ರಮಾಣಿತ ತೂಕಕ್ಕೆ ಎಂದು ಕರಾರಿದೆ. ಪರೀಕ್ಷೆಯಲ್ಲಿ ಒಣತೂಕ 440 ಕೆ.ಜಿ. ಬಂದರೆ ಪ್ರಮಾಣಿತ ತೂಕ 488.4 ಕೆ.ಜಿ.; ಸಲ್ಲಬೇಕಾದ ಮೊತ್ತ 19,53,600 ರೂ. ಉಳಿದ 46,400 ರೂ. ಎಂದೂ ಆದಾಯವಾಗಿರಲೇ ಇಲ್ಲ. ಏಪ್ರಿಲ್‌ನಲ್ಲಿ ಕ್ರೆಡಿಟ್ ನೋಟ್ ಕೊಟ್ಟು ಸರಿಪಡಿಸಿದರಾಯಿತು ಎನ್ನುವುದು ಹಳೆಯ ರೂಢಿ. ಹೊಸ ಮಾನದಂಡದಂತೆ ಬೆಲೆಯ ಇಂತಹ ಏರಿಳಿತವನ್ನು ಮಾರಾಟದ ಸಮಯದಲ್ಲಿಯೇ ಅಂದಾಜಿಸಬೇಕು. ಮುಂದೆ ದೊಡ್ಡ ಮೊತ್ತ ಹಿಂತೆಗೆಯಬೇಕಾಗುವ ಸಂಭವ ತೀರಾ ಕಡಿಮೆ ಎನಿಸುವಷ್ಟನ್ನು ಮಾತ್ರ ಆದಾಯಕ್ಕೆ ಸೇರಿಸಬೇಕು. ಅಂದಾಜಿಗೆ ಆಧಾರ ಬೇಕು. ಹಿಂದಿನ ಎರಡು-ಮೂರು ವರ್ಷಗಳ ತೂಕ ಕಡಿತ, ದರ ಕಡಿತ, ವಾಪಸಾತಿಗಳ ವಿವರ ಗಿರಾಕಿವಾರು ಇಲ್ಲದಿದ್ದರೆ ಯಾವ ಲೆಕ್ಕಪರಿಶೋಧಕರೂ ಅದನ್ನು ಒಪ್ಪಲಾರರು.

ಇನ್ನು ಮಾರಾಟ ಮಾರ್ಚ್‌ನದೋ ಏಪ್ರಿಲ್‌ನದೋ ಎಂಬುದು ಕರಾರನ್ನು ಅವಲಂಬಿಸುತ್ತದೆ. ನೂಲು ಗಿರಾಕಿಯ ಬಾಗಿಲಿಗೆ ತಲುಪಿದ ಮೇಲೆಯೇ ಅವನದೆಂದು ಬರೆದಿದ್ದು, ಏಪ್ರಿಲ್ 2ರಂದು ತಲುಪಿದರೆ ಅದು ಏಪ್ರಿಲ್‌ನ ಆದಾಯ. ಕಳುಹಿಸುವ ಮೊದಲೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಡೆನಿಯರ್, ತೂಕಗಳ ಪರೀಕ್ಷೆ ಮಾಡಿಸಿದ್ದು, ಗೊತ್ತುಪಡಿಸಿದ ಮಟ್ಟ ಮುಟ್ಟಿರುವುದು ಸಾಬೀತಾಗಿದ್ದರೆ ಗಿರಾಕಿಯ ಒಪ್ಪಿಗೆ ಬರಿಯ ಔಪಚಾರಿಕ, ಅದಕ್ಕಾಗಿ ಕಾಯಬೇಕಿಲ್ಲ. ನೇಯ್ದು ನೋಡಿ ಹಿಡಿಸಿದರೆ ಇಟ್ಟುಕೊಳ್ಳುತ್ತೇನೆ ಎಂಬ ಷರತ್ತಿದ್ದರೆ ಮಾತ್ರ ಕಾಯಲೇಬೇಕು. ಮಾತಿನ ಮೇಲೆಯೇ ವ್ಯಾಪಾರ ನಡೆಯುವ ನಮ್ಮಲ್ಲಿ ಈ ಷರತ್ತುಗಳು ಕಾಗದದ ಮೇಲೆ ಬರುವುದೇ ಇಲ್ಲ. ಮಾತಿನ ಕರಾರೂ ಕರಾರೇ ಎಂದು ಮಾನದಂಡ ಒಪ್ಪುತ್ತದೆ. ಆದರೆ ಅದರಲ್ಲಿ ಏನಿತ್ತೆಂದು ಒಂದು ವರ್ಷದ ಬಳಿಕ ತೋರಿಸುವುದು ಹೇಗೆ?

ಹುರಿ ಘಟಕಗಳ ವಿಷಯ ಇದಕ್ಕಿಂತ ಗಂಭೀರ. ನೂಲನ್ನು ಬಿಲ್ಲು ಮಾಡಿ ಹುರಿಗೆ ಕೊಟ್ಟು, ಹುರಿ ಮಾಡಿದ ರೇಷ್ಮೆಯನ್ನು ಮತ್ತೆ ಬಿಲ್ಲು ಮಾಡಿಸಿ ಅದೇ ವ್ಯಾಪಾರಿ ಹಿಂಪಡೆಯುವ ವ್ಯವಹಾರವನ್ನು ತೆಗೆದುಕೊಳ್ಳಿ. ಬಿಲ್ಲುಗಳ ಪ್ರಕಾರ ಘಟಕದ ವಹಿವಾಟು 10 ಕೋಟಿ ರೂ., ನಿಜವಾಗಿ ದಕ್ಕುವ ಹುರಿ ಕೂಲಿ 60 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಹಿಂಪಡೆಯುವ ಒಪ್ಪಂದವಿರುವಾಗ ನೂಲಿನ ನಿಯಂತ್ರಣ ಘಟಕಕ್ಕೆ ಬಂದೇ ಇರುವುದಿಲ್ಲ. ಆದಾಯ 60 ಲಕ್ಷ ರೂ. ಮಾತ್ರ. ಸಣ್ಣ ಉದ್ಯಮಗಳಿಗೆ 5 ಕೋಟಿ ರೂ.ವರೆಗಿನ ದುಡಿಯುವ ಬಂಡವಾಳವನ್ನು ಅಂದಾಜು ವಾರ್ಷಿಕ ವಹಿವಾಟಿನ ಕನಿಷ್ಠ ಶೇ. 20ರಂತೆ ಲೆಕ್ಕ ಹಾಕುವ, ನಾಯಕ್ ಸಮಿತಿಯಿಂದ ಬಂದ ಪದ್ಧತಿಯಲ್ಲಿ 2 ಕೋಟಿ ರೂ. ಮಿತಿ 12 ಲಕ್ಷ ರೂ.ಗೆ ಇಳಿಯುತ್ತದೆ. ಲಾಭದಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಾಗದೆ ಬ್ಯಾಂಕಿನ ಬಾಗಿಲು ಕಿರಿದಾಗುವ ಪರಿ ಇದು. ವ್ಯಾಪಾರದ ಸ್ವರೂಪವನ್ನೇ ಮರುಪರಿಶೀಲಿಸಬೇಕೇ ಎಂದು ಮಾಲೀಕರು ಯೋಚಿಸಬೇಕಾದದ್ದು ಇಲ್ಲಿ. ಬ್ಯಾಂಕಿನ ಅಧಿಕಾರಿಗಳಿಗೆ ಸಂಗತಿಯನ್ನು ಅಢಾವೆ ಪತ್ರಿಕೆ ಕೈಸೇರುವ ಮುನ್ನವೇ ತಿಳಿಸುವುದು ಲೇಸು.

ಯಂತ್ರ ಮಾರುವವರಿಗೆ ತೊಡಕು ಬೇರೆ. ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರವನ್ನು ಎರಡು ವರ್ಷಗಳ ನಿರ್ವಹಣೆ ಸೇರಿಸಿ 1 ಕೋಟಿ ರೂ.ಗೆ ಮಾರಿದರೆ ಅಲ್ಲಿ ಎರಡು ಹೊಣೆಗಳಿವೆ. ಪ್ರತ್ಯೇಕವಾಗಿ ಮಾರಿದಾಗ ಯಂತ್ರಕ್ಕೆ 96 ಲಕ್ಷ, ನಿರ್ವಹಣೆಗೆ 8 ಲಕ್ಷ ರೂ. ಆಗುವುದಾದರೆ ಅದೇ ಪ್ರಮಾಣದಲ್ಲಿ ಹಂಚಿ, ಯಂತ್ರಕ್ಕೆ 92,30,769 ರೂ. ಈಗ, ಉಳಿದ 7,69,231 ರೂ. ಎರಡು ವರ್ಷಗಳುದ್ದಕ್ಕೂ ಆದಾಯವೆಂದು ತೋರಿಸತಕ್ಕದ್ದು.

ಕಾರ್ಯತಃ ಮಾಡಬೇಕಾದದ್ದು ಲೆಕ್ಕದ ಕೊಠಡಿಗಿಂತ ಗೋದಾಮಿನಲ್ಲಿಯೂ ಮಾರಾಟ ವಿಭಾಗದಲ್ಲಿಯೂ ಹೆಚ್ಚು. ಪ್ರತಿ ಗಿರಾಕಿಯೊಂದಿಗಿನ ಷರತ್ತುಗಳನ್ನು ಒಂದು ಪುಟದಲ್ಲಾದರೂ ಬರೆದು ಸಹಿ ಪಡೆಯಬೇಕು. ಸರಕು ತಲುಪಿದ ದಿನಾಂಕವುಳ್ಳ ರಸೀದಿ ಲೆಕ್ಕಿಗರ ಕೈಗೆ ತಿಂಗಳೊಳಗೆ ಬರುವಂತಾಗಬೇಕು. ಜಿಎಸ್‌ಟಿ ವಿವರಪಟ್ಟಿ ಬಿಲ್ಲಿನ ತಿಂಗಳನ್ನೇ ಹಿಡಿಯುತ್ತದೆ. ವರಮಾನ ತೆರಿಗೆಗಾಗಿ 2016-17ರ ಲೆಕ್ಕವರ್ಷದಿಂದ ಬಂದ ಐಸಿಡಿಎಸ್ ತನ್ನದೇ ನಿಯಮ ಹೇಳುತ್ತದೆ. ಮೂರು ಕಡೆ ಮೂರು ಮೊತ್ತ ಬರುವುದು ತಪ್ಪಲ್ಲ, ಏಕೆ ಬಂತೆಂಬ ಹೊಂದಾಣಿಕೆ ಪಟ್ಟಿ ಇಲ್ಲದಿರುವುದು ತಪ್ಪು. ಆ ಪಟ್ಟಿಯನ್ನು ತಿಂಗಳು ತಿಂಗಳೂ ಸಿದ್ಧಪಡಿಸುವುದು ಸುಲಭ. ವರ್ಷದ ಕೊನೆಗೆ ಒಟ್ಟಿಗೆ ಕೂತರೆ ಆಗದ ಕೆಲಸ.

2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಮೇತ ದಾಖಲಿಸಬೇಕು, ಆ ವ್ಯವಸ್ಥೆಯನ್ನು ಆರಿಸಲು ಬರಬಾರದು ಎಂಬ ನಿಯಮವಿದೆ. ಇಂಡ್ ಎಎಸ್ ವ್ಯಾಪ್ತಿಗೆ ಬಾರದ ಕಂಪನಿಗೂ ಇದು ಅನ್ವಯ. ಹೀಗಾಗಿ ಏಪ್ರಿಲ್ 5ರಂದು ಕೂತು ಮಾರ್ಚ್ 31ರ ತಾರೀಖು ಹಾಕಿದ ಬಿಲ್ಲು ಯಾವಾಗ ಹುಟ್ಟಿತೆಂಬುದನ್ನು ಲೆಕ್ಕಪರಿಶೋಧಕರು ಗಣಕಯಂತ್ರದ ಪರದೆಯ ಮೇಲೆಯೇ ನೋಡಬಲ್ಲರು.