ಏಡಿ ನೀಹಾರಿಕೆಯ ದೀಪಕ್ಕೆ ಎಣ್ಣೆ ಎಲ್ಲಿಂದ?



ಕ್ರಿ.ಶ. 1054ರ ಜುಲೈ ತಿಂಗಳಲ್ಲಿ ವೃಷಭ ರಾಶಿಯಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿಕೊಂಡಿತು. 23 ದಿನಗಳ ಕಾಲ ಅದು ಹಗಲಿನಲ್ಲಿಯೂ ಕಾಣುತ್ತಿತ್ತೆಂದು ಚೀನಾದ ವೀಕ್ಷಕರು ಬರೆದಿಟ್ಟಿದ್ದಾರೆ. ವಾಸ್ತವವಾಗಿ ಅದು ಭಾರಿ ನಕ್ಷತ್ರವೊಂದರ ಸಾವು, ಅಂದರೆ ಸೂಪರ್‌ನೋವಾ ಸ್ಫೋಟ. ಅದರ ಅವಶೇಷವೇ ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿರುವ ಏಡಿ ನೀಹಾರಿಕೆ.

ಸ್ಫೋಟವಾಗಿ ಒಂಬತ್ತು ಶತಮಾನಗಳು ಕಳೆದಿವೆ. ಆದರೂ ಈ ನೀಹಾರಿಕೆ ರೇಡಿಯೋ ತರಂಗಗಳಿಂದ ಹಿಡಿದು ಗಾಮಾ ಕಿರಣಗಳವರೆಗೆ ಎಲ್ಲ ಬಗೆಯ ವಿಕಿರಣವನ್ನೂ ಸೂಸುತ್ತಲೇ ಇದೆ. ಒಲೆ ಆರಿದ ಮೇಲೂ ಇಷ್ಟೊಂದು ಶಾಖ ಎಲ್ಲಿಂದ ಬಂತು?

ಉತ್ತರದ ಸುಳಿವು 1968ರಲ್ಲಿ ದೊರೆಯಿತು. ನೀಹಾರಿಕೆಯ ನಡುವೆ ಒಂದು ಪಲ್ಸಾರ್ ಪತ್ತೆಯಾಯಿತು. ಇದು ಸತ್ತ ನಕ್ಷತ್ರದ ತಿರುಳು ಕುಸಿದು ಉಂಟಾದ ನ್ಯೂಟ್ರಾನ್ ನಕ್ಷತ್ರ. ವ್ಯಾಸ ಸುಮಾರು 20 ಕಿಲೋಮೀಟರ್ ಮಾತ್ರ. ಆದರೆ ದ್ರವ್ಯರಾಶಿ ಸೂರ್ಯನಿಗಿಂತಲೂ ಹೆಚ್ಚು! ಇದು ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ.

ನೀವು ಆಡಿಸುವ ಬುಗುರಿಯಂತೆ ಈ ಬುಗುರಿಯೂ ನಿಧಾನವಾಗುತ್ತಿದೆ. ಒಂದು ಸುತ್ತಿಗೆ ಬೇಕಾಗುವ ಕಾಲ ದಿನಕ್ಕೆ ಸುಮಾರು 36 ನ್ಯಾನೋಸೆಕೆಂಡಿನಷ್ಟು ಹೆಚ್ಚುತ್ತಿದೆ. ಇದೇನು ಮಹಾ ಎನ್ನುವಿರಾ? ಲೆಕ್ಕ ಹಾಕಿದರೆ, ಹೀಗೆ ಕಳೆದುಹೋಗುವ ಶಕ್ತಿ ಸೂರ್ಯ ಹೊರಸೂಸುವ ಶಕ್ತಿಯ ಒಂದು ಲಕ್ಷ ಪಟ್ಟಿಗೂ ಹೆಚ್ಚು. ನೀಹಾರಿಕೆಯ ಖರ್ಚಿಗೆ ಈ ಜಮೆ ಧಾರಾಳವಾಗಿ ಸಾಕು.

ಪಲ್ಸಾರಿನ ಪ್ರಬಲ ಕಾಂತಕ್ಷೇತ್ರವು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಗಾಳಿಯಂತೆ ಹೊರಕ್ಕೆ ತಳ್ಳುತ್ತದೆ. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಈ ಕಣಗಳು ಸಾಧಾರಣ ಫೋಟಾನ್‌ಗಳಿಗೆ ಡಿಕ್ಕಿ ಹೊಡೆದು, ತಮ್ಮ ಶಕ್ತಿಯನ್ನು ಅವುಗಳಿಗೆ ಕೊಡುತ್ತವೆ. ಆಗ ಆ ಫೋಟಾನ್‌ಗಳೇ ಅತ್ಯಧಿಕ ಶಕ್ತಿಯ ಗಾಮಾ ಕಿರಣಗಳಾಗುತ್ತವೆ. ಭೌತಶಾಸ್ತ್ರದಲ್ಲಿ ನೀವು ಓದುವ ಕಾಂಪ್ಟನ್ ಪರಿಣಾಮದಲ್ಲಿ ಫೋಟಾನ್ ಕೊಡುತ್ತದೆ, ಎಲೆಕ್ಟ್ರಾನ್ ಪಡೆಯುತ್ತದೆ. ಇಲ್ಲಿ ಅದರ ತಿರುವು ಮುರುವು.

ಗಾಮಾ ಕಿರಣಗಳು ವಾಯುಮಂಡಲವನ್ನು ದಾಟಿ ನೆಲ ಮುಟ್ಟಲಾರವು. ಆದರೆ ಅವು ಗಾಳಿಗೆ ಬಡಿದಾಗ ಕಣಗಳ ಸುರಿಮಳೆಯಾಗಿ, ಚೆರೆಂಕೋವ್ ಬೆಳಕೆಂಬ ನಸುನೀಲಿ ಮಿಂಚು ಕ್ಷಣಮಾತ್ರ ಹೊಳೆಯುತ್ತದೆ. ಅಮೆರಿಕದ ಅರಿಜೋನಾದಲ್ಲಿದ್ದ ವಿಪಲ್ ದೂರದರ್ಶಕವು 1989ರಲ್ಲಿ ಏಡಿಯ ಗಾಮಾ ಕಿರಣಗಳನ್ನು ಗುರುತಿಸಿದ್ದು ಈ ಮಿಂಚಿನಿಂದಲೇ. ಇದೇ ವಿಧಾನದಿಂದ ಕೆಲಸ ಮಾಡುವ, 21 ಮೀಟರ್ ವ್ಯಾಸದ ಮೇಸ್ ದೂರದರ್ಶಕವು 2024ರಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಉದ್ಘಾಟನೆಗೊಂಡಿತು.

ಜನವರಿಯ ರಾತ್ರಿ ಹತ್ತರ ಸುಮಾರಿಗೆ ನೆತ್ತಿಯ ಕಡೆ ನೋಡಿ. ವೃಷಭನ ಕೊಂಬಿನ ತುದಿಯ ಬಳಿ, ನಿಮ್ಮ ಬರಿಗಣ್ಣಿಗೆ ಕಾಣದಂತೆ, ಆ ಬುಗುರಿ ಇನ್ನೂ ತಿರುಗುತ್ತಿದೆ.