ತೆಂಗಿನ ಸೀಮೆಯ ಬಂಡಿಜಾಡು ಮತ್ತು ಬಡಾವಣೆಯ ಬೀದಿ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗು ಮತ್ತು ಉಂಡೆಕೊಬ್ಬರಿಗೆ ಹೆಸರಾದವು. ಇಲ್ಲಿನ ಪಟ್ಟಣಗಳ ಅಂಚಿನಲ್ಲಿ ತೋಟಗಳು ನಿವೇಶನಗಳಾಗುವಾಗ ಊರಿನ ದಾರಿಗಳಿಗೆ ಏನಾಗುತ್ತದೆ ಎಂಬುದನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯೋಜಿತ ನೆಲೆ ಈ ಸೀಮೆಗೆ ಹೊಸತಲ್ಲ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮಣ್ಣನು 13ನೆಯ ಶತಮಾನದಲ್ಲಿ ಚೆನ್ನಿಗರಾಯ ದೇವಾಲಯವನ್ನು ಕಟ್ಟಿಸಿದ ತುರುವೇಕೆರೆ ಅಂದು ಅಗ್ರಹಾರವಾಗಿತ್ತು. ಸಾಮಾನ್ಯ ಹಳ್ಳಿಗಳಲ್ಲಿಯೂ ಊರಬಾಗಿಲು, ಕರುವುಗಲ್ಲು, ಗುಂಡುತೋಪು, ಕೆರೆಏರಿಗಳು ವಿನ್ಯಾಸದ ಗುರುತುಗಳಾಗಿದ್ದವು. ಬೀದಿಯ ಅಗಲವನ್ನು ತೇರಿನ ತಿರುವು ನಿರ್ಧರಿಸಿದರೆ, ಹೊಲದ ದಾರಿಯ ಅಗಲವನ್ನು ಬಂಡಿಯ ಅಚ್ಚು ನಿರ್ಧರಿಸುತ್ತಿತ್ತು.

ಇಂದಿನ ಬಡಾವಣೆಯ ಅಳತೆ ಶಾಸನದಿಂದ ಬಂದುದು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಡಿ ಭೂಪರಿವರ್ತನೆಯೂ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 17ನೆಯ ಪ್ರಕರಣದಡಿ ವಿನ್ಯಾಸದ ಅನುಮೋದನೆಯೂ ಆಗಬೇಕು. ಉದ್ಯಾನ ಹಾಗೂ ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡಬೇಕು. ವಾಸದ ಬೀದಿಗೆ ಸಾಮಾನ್ಯವಾಗಿ ಕನಿಷ್ಠ 9 ಮೀಟರ್ ಅಗಲವಿರಬೇಕು. 9 ಮೀಟರ್ ಎಂದರೆ ಸುಮಾರು 30 ಅಡಿ. ತೆಂಗಿನ ಸಾಲುಗಳ ನಡುವೆ ರೈತರು ಬಿಡುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಸಾಲು ನೋಡಿ ಬೀದಿ ಎಳೆದರೆ ಕೆಲವು ಮರಗಳಾದರೂ ಉಳಿಯಬಹುದು. ಆದರೆ ಮರಕ್ಕಿಂತ ಮೊದಲು ಕಾಣೆಯಾಗುವುದು ದಾರಿ.

ಬಂಡಿಜಾಡು ಬದುವನ್ನು ಹಿಡಿದು ತೋಟದಿಂದ ತೋಟಕ್ಕೆ ಸಾಗುತ್ತದೆ. ಬಡಾವಣೆಯಾದರೋ ಒಬ್ಬೊಬ್ಬರ ಹಿಡುವಳಿಯಲ್ಲಿ ಪ್ರತ್ಯೇಕವಾಗಿ ರೂಪುಗೊಳ್ಳುತ್ತದೆ. ನಿಯಮದಂತೆ ಅಗಲವಾಗಿರುವ ಬೀದಿಯೂ ಪಕ್ಕದ ತೋಟದ ಬೇಲಿಗೆ ಬಂದು ನಿಂತುಬಿಡಬಹುದು. ಗ್ರಾಮನಕಾಶೆಯಲ್ಲಿ ಬಂಡಿದಾರಿಯನ್ನು ಜೋಡಿ ಗೆರೆಯಲ್ಲಿಯೂ ಕಾಲುದಾರಿಯನ್ನು ಒಂಟಿ ಗೆರೆಯಲ್ಲಿಯೂ ತೋರಿಸುವ ಪದ್ಧತಿಯಿದೆ. ಹೀಗೆ ‘ನಕಾಶೆ ಕಂಡ ದಾರಿ’ಗೆ ದಾಖಲೆಯ ಬಲವುಂಟು. ಕೆಡವಿದ ಕಾಯಿ ಹೊರುವ, ಗಂಗಾಪೂಜೆಗೆ ದೇವರು ಕೆರೆಗೆ ಹೋಗುವ ‘ರೂಢಿದಾರಿ’ಗೆ ಜನರ ನಡೆಯೇ ಬಲ. ದೇವರ ಮುಂದೆ ಮಡಿವಾಳರು ನಡೆಮಡಿ ಹಾಸುವುದು ಭಕ್ತಿಯ ಆಚರಣೆ. ಜೊತೆಗೆ ಅದು ಆ ದಾರಿ ಊರಿನದೆಂದು ವರ್ಷಕ್ಕೊಮ್ಮೆ ಸಾರುವ ಕ್ರಮವೂ ಆಗಿದೆ.

ಈ ಸಾಕ್ಷ್ಯ ಕಾನೂನಿಗೆ ಹೊರತಾದುದಲ್ಲ. ಸ್ಥಳೀಯ ರೂಢಿಯಿಂದ ಬಂದ ಅನುಭೋಗದ ಹಕ್ಕನ್ನು 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ 18ನೆಯ ಪ್ರಕರಣ ಒಪ್ಪುತ್ತದೆ. ಆದರೆ ರೂಢಿಯನ್ನು ಸಾಬೀತುಪಡಿಸಬೇಕಾಗುತ್ತದೆ. ದಾರಿ ಮುಚ್ಚಿದರೆ ಹಬ್ಬ ನಿಲ್ಲುವುದಿಲ್ಲ. ದೇವರು ಬಳಸಿಕೊಂಡು ಹೋಗುತ್ತದೆ. ಒಂದೆರಡು ತಲೆಮಾರಿನಲ್ಲಿ ಬಳಸುದಾರಿಯೇ ಸಂಪ್ರದಾಯವಾಗಿ, ಮೊದಲಿನ ದಾರಿಯನ್ನು ಬಲ್ಲವರೇ ಇಲ್ಲವಾಗುತ್ತಾರೆ.

ಆದುದರಿಂದ ವಿನ್ಯಾಸಕ್ಕೆ ಅನುಮೋದನೆ ನೀಡುವ ಮುನ್ನ ಬಂಡಿಜಾಡು, ಕಾಲುವೆ, ದೇವರ ದಾರಿಗಳನ್ನು ಹಿರಿಯರೊಡನೆ ನಡೆದು ನೋಡಿ ನಕ್ಷೆಯಲ್ಲಿ ಗುರುತಿಸುವುದು ಅಗತ್ಯ. ಹಬ್ಬದ ಹಾಡು, ಕಥೆಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯಕರ್ತರು ಹಬ್ಬ ಸಾಗಿದ ದಾರಿಯನ್ನೂ ಸರ್ವೆ ನಂಬರಿನ ಸಹಿತ ಬರೆದಿಡಬೇಕು.