ಅಂಚುಬಟ್ಟೆಯ ಜಾಡು

ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ದಾಟಿ ಮಡಿಕೇರಿ ರಸ್ತೆಯಲ್ಲಿ ಸಾಗಿದರೆ ಸಿಗುವ ಬೈಲುಕುಪ್ಪೆಯ ಟಿಬೆಟಿಯನ್ ನೆಲೆಯಲ್ಲಿ ಥಂಕಾ, ಅಂದರೆ ಬಟ್ಟೆಯ ಮೇಲಿನ ಬೌದ್ಧ ಚಿತ್ರ, ಕೊಳ್ಳುವವರ ಕಣ್ಣು ಮೊದಲು ಹೋಗುವುದು ನಡುವಿನ ಬುದ್ಧನ ಕಡೆಗೋ ತಾರಾದೇವಿಯ ಕಡೆಗೋ. ಸುತ್ತಲಿನ ಜರತಾರಿ ಬಟ್ಟೆ ಬರೀ ಅಲಂಕಾರವೆಂದು ತಿಳಿದು, ಊರಿಗೆ ಹೋದಮೇಲೆ ಅದನ್ನು ಕತ್ತರಿಸಿ ಗಾಜು ಹಾಕಿಸುವವರಿದ್ದಾರೆ. ಪಶ್ಚಿಮದ ಸಂಗ್ರಾಹಕರೂ ಕೆಲವು ವಸ್ತುಸಂಗ್ರಹಾಲಯಗಳೂ ಬಹುಕಾಲ ಇದನ್ನೇ ಮಾಡಿದವು. ಆದರೆ ಚಿತ್ರವನ್ನು ಬಟ್ಟೆಗೆ ಕೂರಿಸಿ, ತೂಗುಹಾಕಲು ಮತ್ತು ಸುತ್ತಿಡಲು ಬರುವಂತೆ ಮಾಡುವುದು ಸಾವಿರ ವರ್ಷ ಮೀರಿದ ವಿದ್ಯೆ. ಅದರ ಹಳೆಯ ಸಾಕ್ಷಿಗಳು ರಾಶಿಯಾಗಿ ಸಿಕ್ಕಿದ್ದು ವಾಯವ್ಯ ಚೀನಾದ ಮರಳುಗಾಡಿನಂಚಿನ ಒಂದು ಗವಿಯಲ್ಲಿ.

1900ರಲ್ಲಿ ಡುನ್‌ಹುವಾಂಗ್‌ನ ಗುಹಾಲಯಗಳನ್ನು ನೋಡಿಕೊಳ್ಳುತ್ತಿದ್ದ ವಾಂಗ್ ಯುವಾನ್‌ಲು ಎಂಬ ತಾವೋ ಸಾಧುವಿಗೆ ಗೋಡೆಯ ಹಿಂದೆ ಮುಚ್ಚಿಹೋಗಿದ್ದ ಒಂದು ಕಿರುಕೋಣೆ ಕಂಡಿತು. ಹನ್ನೊಂದನೆಯ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿದ್ದ ಆ ಕೋಣೆಯ ತುಂಬ ಹಸ್ತಪ್ರತಿಗಳು, ರೇಷ್ಮೆಯ ಚಿತ್ರಗಳು. 1907ರಲ್ಲಿ ಪುರಾತತ್ವ ಶೋಧಕ ಔರೆಲ್ ಸ್ಟೈನ್ ಅಲ್ಲಿಗೆ ಬಂದು ಸಾಧುವಿಗೆ ಅಲ್ಪ ಹಣ ಕೊಟ್ಟು ಪೆಟ್ಟಿಗೆಗಟ್ಟಲೆ ಸಾಗಿಸಿದ. ಮರುವರ್ಷ ಫ್ರಾನ್ಸಿನ ವಿದ್ವಾಂಸ ಪೆಲಿಯೊ ಬಂದ. ಚೀನೀಯರಿಗೆ ಈ ಬಗ್ಗೆ ಇಂದಿಗೂ ನೋವಿದೆ, ಆ ನೋವು ನ್ಯಾಯವಾದದ್ದೇ. ಸ್ಟೈನ್‌ನ ಯಾತ್ರೆಗೆ ಭಾರತ ಸರ್ಕಾರವೂ ಹಣ ಹಾಕಿತ್ತಾದ್ದರಿಂದ ಒಂದು ಪಾಲು ದೆಹಲಿಗೆ ಬಂತು. ಅದು ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಆ ರೇಷ್ಮೆಯ ಚಿತ್ರಗಳಲ್ಲಿ ಅನೇಕವು ಶತಮಾನಗಳ ಭಾರಕ್ಕೆ ಒತ್ತಿ ಮುದ್ದೆಯಾಗಿದ್ದವು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿ ಅವನ್ನು ಒಂದೊಂದಾಗಿ, ಎಳೆ ಹರಿಯದಂತೆ ಬಿಡಿಸಬೇಕಾಯಿತು. ಬಿಡಿಸಿದಾಗ ಬೋಧಿಸತ್ವರ ಜೊತೆಗೆ ಅಂಚಿನ ಕೆಲಸವೂ ಹೊರಬಿತ್ತು. ಉದ್ದನೆಯ ಪತಾಕೆಗಳಿಗೆ ಮೇಲೆ ತ್ರಿಕೋನದ ತಲೆಪಟ್ಟಿ, ಪಕ್ಕದಲ್ಲೂ ಕೆಳಗೂ ಇಳಿಬಿದ್ದ ಬಾಲಪಟ್ಟಿಗಳು, ಗಾಳಿಗೆ ಹಾರಾಡದಿರಲೆಂದು ತುದಿಯಲ್ಲಿ ಬಣ್ಣ ಬಳಿದ ಮರದ ಹಲಗೆ. ದೊಡ್ಡ ಚಿತ್ರಗಳಲ್ಲಿ ಕೆಲವಕ್ಕೆ ಬಟ್ಟೆಯ ಅಂಚು ಕಟ್ಟಿ, ಮೇಲ್ಗಡೆ ನೇತುಹಾಕುವ ಕುಣಿಕೆಗಳನ್ನು ಹೊಲಿದಿದ್ದರು. ಆ ರಾಶಿಯ ಒಂದು ಚಿತ್ರದಲ್ಲಿ ಚೀನೀ ಬರಹದ ಪಕ್ಕದಲ್ಲೇ ಟಿಬೆಟಿಯನ್ ಬರಹವಿದೆ, ಅದು 836ರದು. ಆಗ ಡುನ್‌ಹುವಾಂಗ್ ಟಿಬೆಟಿನ ಆಳ್ವಿಕೆಯಲ್ಲಿತ್ತು. ಎರಡೂ ನಾಡಿನ ಸನ್ಯಾಸಿಗಳು, ಕಲಾವಿದರು ಒಂದೇ ಊರಿನಲ್ಲಿ ಕೂತು ಕೆಲಸ ಮಾಡಿದ ಕಾಲ ಅದು.

ಇದಾದ ಹನ್ನೊಂದೇ ವರ್ಷಕ್ಕೆ, 847ರಲ್ಲಿ, ಚೀನಾದ ಝಾಂಗ್ ಯಾನ್‌ಯುವಾನ್ ಹಿಂದಿನ ಚಿತ್ರಕಾರರ ಚರಿತ್ರೆ ಬರೆದು ಮುಗಿಸಿದ. ಅದರಲ್ಲಿ ಚಿತ್ರಕ್ಕೆ ಹಿಂಬದಿ ಕಟ್ಟುವ ಬಗೆಗೇ ಒಂದು ಅಧ್ಯಾಯವಿದೆ. ಅಂಟು ಕಾಯಿಸುವಾಗ ಹಿಟ್ಟಿನ ಜಿಗುಟನ್ನು ತೆಗೆದುಬಿಡಬೇಕು, ಕೈಬಿಡದೆ ಕದಡುತ್ತಿರಬೇಕು ಎನ್ನುತ್ತಾನೆ. ಅದಕ್ಕೆ ಸಾಂಬ್ರಾಣಿಯಂಥ ಸುಗಂಧದ ಗೋಂದನ್ನು ನುಣ್ಣಗೆ ಅರೆದು ಚೂರು ಸೇರಿಸುವುದು ತಾನೇ ಕಂಡುಕೊಂಡ ಉಪಾಯವೆಂದೂ, ಅದರಿಂದ ಹುಳು ಹತ್ತದೆಂದೂ ಹೇಳಿಕೊಳ್ಳುತ್ತಾನೆ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಪ್ರಿಯವಾದ ಆವಿಷ್ಕಾರ ಇದೇ. ಚೀನೀ ಸುರುಳಿಚಿತ್ರದ ಗುಟ್ಟೆಲ್ಲ ಆ ಅಂಟಿನಲ್ಲಿದೆ. ಚಿತ್ರದ ಹಿಂದೆ ಪದರ ಪದರವಾಗಿ ಕಾಗದ ಅಂಟಿಸಿ, ಹಲಗೆಗೋ ಗೋಡೆಗೋ ಬಿಗಿದು ಒಣಗಿಸುತ್ತಾರೆ. ಗೋದಿಯ ಗಂಜಿ ನೀರು ತಾಗಿದರೆ ಮತ್ತೆ ಸಡಿಲುತ್ತದೆ. ಹಾಗಾಗಿ ನೂರು ವರ್ಷದ ನಂತರ ಬರುವ ಕೈ ಹಳೆಯ ಪದರವನ್ನು ಬಿಡಿಸಿ ಹೊಸದನ್ನು ಕೂರಿಸಬಹುದು. ಇವತ್ತಿಗೂ ಜಗತ್ತಿನ ಸಂರಕ್ಷಣಾಲಯಗಳಲ್ಲಿ ಕಾಗದದ ಕಲಾಕೃತಿಗಳಿಗೆ ಬಳಸುವುದು ಅದೇ ಗೋದಿಯ ಗಂಜಿಯನ್ನು.

ಟಿಬೆಟಿಯನ್ನರು ಹಿಡಿದದ್ದು ಸೂಜಿಯ ದಾರಿ. ಆ ದಾರಿ ಬೈಲುಕುಪ್ಪೆ ಮುಟ್ಟಿದ್ದು ಹೀಗೆ: 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಇಲ್ಲಿ ಕೊಟ್ಟ ಕಾಡುನೆಲದಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದರು. 1963ರಲ್ಲಿ ಪೆನೊರ್ ರಿಂಪೊಚೆ ನಮ್‌ಡ್ರೋಲಿಂಗ್ ಮಠ ಆರಂಭಿಸಿದರು. ಮುಂದೆ ಸೆರಾ ಮಠ ಬಂತು. ಹುಣಸೂರಿನ ಗುರುಪುರದ ಬಳಿಯೂ ಶಿಬಿರವಾಯಿತು. ಮಠಗಳ ಜೊತೆ ಥಂಕಾ ಬಂತು, ಥಂಕಾ ಜೊತೆ ಅದರ ದರ್ಜಿ ಕೆಲಸ. ಸುಣ್ಣದ ಪುಡಿ, ಪ್ರಾಣಿಮೂಲದ ಅಂಟು ಬಳಿದು ಉಜ್ಜಿದ ಹತ್ತಿಬಟ್ಟೆಯ ಮೇಲೆ ಚಿತ್ರ. ಅದರ ಸುತ್ತ ಮೊದಲು ಕೆಂಪು ಮತ್ತು ಹಳದಿಯ ಸಣ್ಣ ಪಟ್ಟಿಗಳು, ಅವುಗಳಾಚೆ ಜರತಾರಿ. ಬನಾರಸಿನ ನೇಕಾರರು ಟಿಬೆಟಿಯನ್ನರಿಗಾಗಿಯೇ ಅಂಥ ಜರಿಬಟ್ಟೆ ನೇಯುತ್ತಾರೆ. ಮೇಲಿಗಿಂತ ಕೆಳಗೆ ಅಗಲ ಹೆಚ್ಚು. ಕೆಳಭಾಗದಲ್ಲಿ ಬೇರೆ ಜರಿಯ ಒಂದು ಚೌಕ ಕೂರಿಸುತ್ತಾರೆ, ಅದಕ್ಕೆ ಥಂಕಾದ ಬಾಗಿಲು ಎಂದು ಹೆಸರು. ಅಡಿಯಲ್ಲಿ ದುಂಡು ಕೋಲು, ಮೇಲೆ ಚಪ್ಪಟೆ ಪಟ್ಟಿ, ಚಿತ್ರದ ಮುಂದೆ ತೆಳು ರೇಷ್ಮೆಯ ಪರದೆ, ಪರದೆಯ ಮೇಲೆ ಎರಡು ಲಾಡಿ. ಚೀನೀ ಸುರುಳಿಯಲ್ಲೂ ಮೇಲಿನಿಂದ ಇಂಥವೇ ಎರಡು ಪಟ್ಟಿಗಳು ಇಳಿಬಿದ್ದಿರುತ್ತವೆ. ಅಂಬರಗುಬ್ಬಿಗಳು ಬೆದರಿ ದೂರವಿರಲೆಂದು ಅವನ್ನು ಕಟ್ಟುತ್ತಿದ್ದರೆಂದು ಚೀನೀಯರು ಹೇಳುತ್ತಾರೆ.

ಅಂಚುಬಟ್ಟೆಯ ಬೆಲೆ ಸಂರಕ್ಷಕರಿಗೆ ಅರಿವಾದದ್ದು ನಿಧಾನವಾಗಿ. ಥಂಕಾವನ್ನು ತಿರುಗಿಸಿದರೆ ಬೆನ್ನ ಮೇಲೆ ದೇವತೆಯ ಹಣೆ, ಕಂಠ, ಹೃದಯಕ್ಕೆ ಸರಿಯಾಗಿ ಓಂ, ಆಃ, ಹೂಂ ಅಕ್ಷರಗಳು ಕಾಣಬಹುದು. ಕೆಲವದರಲ್ಲಿ ಗುರುವಿನ ಅಂಗೈಗುರುತೂ ಇರುತ್ತದೆ. ಚೌಕಟ್ಟಿಗೆ ಹಿಂದಿನಿಂದ ಹಲಗೆ ಬಡಿದರೆ ಇದೆಲ್ಲ ಮುಚ್ಚಿಹೋಗುತ್ತದೆ. ಬಣ್ಣದ ಪದರ ಮತ್ತು ರೇಷ್ಮೆ ತೇವಕ್ಕೆ ಹಿಗ್ಗಿ ಕುಗ್ಗುವುದು ಬೇರೆಬೇರೆ ಪ್ರಮಾಣದಲ್ಲಿ, ಅದರಿಂದ ಬಿರುಕು ಬೀಳುತ್ತದೆ ನಿಜ. ಆದರೆ ಅದಕ್ಕೆ ಬಟ್ಟೆಯನ್ನು ಕಿತ್ತೆಸೆಯುವುದು ಪರಿಹಾರವಲ್ಲ, ಮುಂಗಾರಿನ ತೇವದಲ್ಲಿ ಗಾಜಿಗೆ ಒತ್ತಿ ಕೂರಿಸುವುದಂತೂ ಖಂಡಿತ ಅಲ್ಲ.

ಹಾಗೆಂದು ಟಿಬೆಟಿಯನ್ನರು ಬಟ್ಟೆಯನ್ನು ಎಂದೂ ಬದಲಿಸದವರಲ್ಲ. ಜರಿ ಸವೆದು, ತುಪ್ಪದ ದೀಪದ ಹೊಗೆಗೆ ಕಪ್ಪಾದಾಗ ಬಿಚ್ಚಿ ಹೊಸದನ್ನು ಹೊಲಿಯುತ್ತಾರೆ. ಬಿಚ್ಚಿದಾಗಲೆಲ್ಲ ಚಿತ್ರದ ಅಂಚಿನಲ್ಲಿ ಸೂಜಿಯ ರಂಧ್ರಗಳು ಉಳಿಯುತ್ತವೆ. ಸಂರಕ್ಷಕರು ಈಗ ಆ ರಂಧ್ರಗಳ ಸಾಲುಗಳನ್ನು ನೋಡಿ, ಚಿತ್ರಕ್ಕೆ ಹಿಂದೆ ಬೇರೆ ಬಟ್ಟೆ ಇತ್ತೇ ಎಂದು ಪತ್ತೆಹಚ್ಚುತ್ತಾರೆ, ಅಂಚಿನಲ್ಲಿ ಸಿಕ್ಕ ಹಳೆಯ ರೇಷ್ಮೆಯ ಎಳೆಯನ್ನೂ ದಾಖಲಿಸಿ ಎತ್ತಿಡುತ್ತಾರೆ.